ಓಓದಿಂದ ಎನ್‌ಗೆ, ಮತ್ತೆ ಅರ್ಧ ವಾಪಸ್: ಹಾಸನದ ಒಂದು ಮನೆಯ ಮಾಡೆಲ್ ರೈಲು

ನಮ್ಮ ದೊಡ್ಡಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹಾಸನ–ಮಂಗಳೂರು ಲೈನು 1979ರಲ್ಲಿ ಪೂರ್ತಿಯಾಯಿತು, ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್. ಅದಾಗಿ ಸ್ವಲ್ಪ ವರ್ಷಕ್ಕೆ ಅವರಿಗೆ ಆ ಲೈನಿನಲ್ಲಿ ಡ್ಯೂಟಿ ಸಿಕ್ಕಿತು. ಸಕಲೇಶಪುರ, ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು, ಸುಬ್ರಹ್ಮಣ್ಯ ರೋಡ್, ಈ ಹೆಸರುಗಳನ್ನು ಅವರು ಈಗಲೂ ಒಂದೇ ಉಸಿರಿಗೆ ಹೇಳುತ್ತಾರೆ. 1996ರಲ್ಲಿ ಬ್ರಾಡ್ ಗೇಜ್ ಮಾಡೋಕೆ ಅಂತ ಲೈನ್ ಮುಚ್ಚಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ಯಾಸೆಂಜರ್ ಗಾಡಿ 2007ರ ಡಿಸೆಂಬರಿನಲ್ಲಿ. ದೊಡ್ಡಪ್ಪ 2008ರಲ್ಲಿ ರಿಟೈರ್ ಆದರು. ಅವರು ಚೆನ್ನಾಗಿ ಬಲ್ಲ ಘಾಟಿ ಮೀಟರ್ ಗೇಜಿನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಬೇಕಾಗುತ್ತೆ.

ಈ ಬರಹ ಅವರ ಮನೆಯ ಮಾಡೆಲ್ ರೈಲಿನ ಬಗ್ಗೆ. ಒಂದು ಸ್ಕೇಲ್ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾಗಿ ಬಂದಾಗ ನಾವು ಏನೇನು ಲೆಕ್ಕ ಹಾಕಿದೆವು, ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಅಂತ ಪೂರ್ತಿ ಬರೆದಿಡಬೇಕು ಅನ್ನಿಸಿತು. ಇದೇ ಪ್ರಶ್ನೆ ಇಟ್ಟುಕೊಂಡು ಕೂತಿರುವವರು ಕರ್ನಾಟಕದಲ್ಲಿ ಇನ್ನೂ ಕೆಲವರಾದರೂ ಇದ್ದಾರೆ. ಕನ್ನಡದಲ್ಲಿ ಅವರಿಗೆ ಓದೋಕೆ ಸಿಗೋದು ತುಂಬಾ ಕಡಿಮೆ.

ಮೊದಲು ಇದ್ದದ್ದು

ಶುರುವಾಗಿದ್ದು 1986ರಲ್ಲಿ. ದೊಡ್ಡಮ್ಮನ ತಮ್ಮ ಲಂಡನ್ನಿನಿಂದ ಬರುವಾಗ ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯ ಒಂದು ಆಟದ ರೈಲಿನ ಸೆಟ್ ತಂದುಕೊಟ್ಟರು. ಒಂದು ಎಂಜಿನ್, ಮೂರು ವ್ಯಾಗನ್, ಒಂದು ಸುತ್ತಿಗೆ ಆಗುವಷ್ಟು ಹಳಿ. ಮಕ್ಕಳಿಗೆ ಅಂತ ತಂದದ್ದು, ಆದರೆ ಉಳಿಸಿಕೊಂಡವರು ದೊಡ್ಡಪ್ಪ. ರಿಟೈರ್ ಆದ ಮೇಲೆ ಹಾಸನದ ಮನೆಯ ಮಹಡಿ ಮೇಲಿನ ರೂಮಿನಲ್ಲಿ ಎಂಟು ಬೈ ನಾಲ್ಕು ಅಡಿಯ ಪ್ಲೈವುಡ್ ಹಾಕಿ ಅದನ್ನೇ ದೊಡ್ಡದು ಮಾಡಿದರು.

ಎಂಟು ಬೈ ನಾಲ್ಕು ಯಾಕೆ ಅಂದರೆ ಪ್ಲೈವುಡ್ ಶೀಟ್ ಬರೋದೇ ಆ ಅಳತೆಯಲ್ಲಿ. ಅಮೆರಿಕದಲ್ಲೂ ಶೀಟ್ ಅದೇ ಅಳತೆ. ಅಲ್ಲಿ ಲಕ್ಷಗಟ್ಟಲೆ ಜನ ಎಚ್‌ಓ ಸ್ಕೇಲಿನ ಮೊದಲ ಲೇಔಟ್, ಅಂದರೆ ಹಳಿ, ಬೆಟ್ಟ, ಸ್ಟೇಷನ್ ಎಲ್ಲ ಸೇರಿದ ಮಾಡೆಲ್, ಕಟ್ಟಿದ್ದು ಒಂದು ಶೀಟಿನ ಮೇಲೆಯೇ. ಒಂದು ಹವ್ಯಾಸದ ಆಕಾರವನ್ನು ಮರದಂಗಡಿಯ ಶೀಟು ನಿರ್ಧರಿಸುತ್ತೆ ಅನ್ನೋದು ನನಗೆ ಆಗಲೇ ಅರ್ಥವಾಗಬೇಕಿತ್ತು. ಆಗಲಿಲ್ಲ.

ಇಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು. ಸ್ಕೇಲ್ ಅಂದರೆ ನಿಜದ ರೈಲಿಗಿಂತ ಮಾಡೆಲ್ ಎಷ್ಟು ಪಟ್ಟು ಚಿಕ್ಕದು ಅನ್ನೋದು. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ಎಚ್‌ಓ ಅಂದರೆ 1:87, ಹಳಿಯ ಅಂತರ 16.5 ಮಿ.ಮೀ. ಬ್ರಿಟನ್ನಿನ ಓಓ ಅಂದರೆ 1:76, ಆದರೆ ಹಳಿ ಅದೇ 16.5 ಮಿ.ಮೀ. ಬ್ರಿಟನ್ನಿನ ರೈಲುಗಳು ಯುರೋಪಿನವಕ್ಕಿಂತ ಸಣ್ಣ ಮೈಕಟ್ಟಿನವು, ಆ ಕಾಲದ ಮೋಟರು 1:87ರ ಬ್ರಿಟಿಷ್ ಎಂಜಿನ್ನಿನ ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಮೈಯನ್ನು ಸ್ವಲ್ಪ ದೊಡ್ಡದು ಮಾಡಿದರು, ಹಳಿಯನ್ನು ಹಾಗೇ ಬಿಟ್ಟರು. ಲೆಕ್ಕ ಹಾಕಿದರೆ ಓಓ ಹಳಿ ನಿಜದ 1435 ಮಿ.ಮೀ. ಬದಲು 1257 ಮಿ.ಮೀ. ಗೇಜಿನದಾಗುತ್ತೆ. ಕಿರಿದು. 1938ರ ಹಾರ್ನ್‌ಬಿ ಡಬ್ಲೋದಿಂದ ಇವತ್ತಿನವರೆಗೂ ಬ್ರಿಟನ್ ಅದನ್ನೇ ಇಟ್ಟುಕೊಂಡಿದೆ, ಯಾಕೆಂದರೆ ಎಲ್ಲರ ಮನೆಯಲ್ಲೂ ಅದೇ ಇದೆ.

ದೊಡ್ಡಪ್ಪ ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಜರ್ಮನಿಯ ಎಚ್‌ಓ ಬೋಗಿಗಳನ್ನು ಸೇರಿಸಿದರು. ಹಳಿ ಒಂದೇ ಆದ್ದರಿಂದ ಓಡುತ್ತೆ. ಆದರೆ ಪಕ್ಕಪಕ್ಕ ನಿಂತಾಗ ಅಣ್ಣನ ಪಕ್ಕ ತಮ್ಮ ನಿಂತ ಹಾಗೆ ಕಾಣುತ್ತೆ. ಅವರಿಗೆ ಅದು ಬೇಸರ ತರಲಿಲ್ಲ. ಓಡುತ್ತಲ್ಲ, ಸಾಕು ಅನ್ನೋರು.

ರೂಮು ಹೋಯಿತು

ಎರಡು ವರ್ಷದ ಹಿಂದೆ ಅಣ್ಣ, ಅತ್ತಿಗೆ, ಮಗಳು ಬೆಂಗಳೂರು ಬಿಟ್ಟು ಹಾಸನಕ್ಕೆ ಬಂದರು. ಮಗಳಿಗೆ ಆಗ ಎಂಟನೇ ಕ್ಲಾಸು. ಅವಳಿಗೊಂದು ರೂಮು ಬೇಕು. ಇದ್ದದ್ದು ಅದೊಂದೇ.

ಅತ್ತಿಗೆ ಬಾಯಿಬಿಟ್ಟು ಕೇಳಲಿಲ್ಲ. ದೊಡ್ಡಪ್ಪನೇ ಒಂದು ದಿನ ಸ್ಕ್ರೂಡ್ರೈವರ್ ಹಿಡಿದು ಮೇಲೆ ಹೋಗಿ ಹಳಿ ಬಿಚ್ಚೋಕೆ ಶುರುಮಾಡಿದರು. ನನಗೆ ಫೋನ್ ಮಾಡಿದವರು ಅತ್ತಿಗೆ. "ಮಾವ ಒಬ್ರೇ ಕೂತು ಬಿಚ್ತಾ ಇದಾರೆ, ನೀವು ಬನ್ನಿ. ಹಾಲ್‌ನಲ್ಲಿ ಆ ಕಡೆ ಗೋಡೆ ಪೂರ್ತಿ ಖಾಲಿ ಇದೆ, ಅಲ್ಲಿ ಏನಾದ್ರೂ ಆಗತ್ತಾ ನೋಡಿ" ಅಂದರು.

ಹೋಗಿ ಅಳೆದೆ. ಗೋಡೆ ಉದ್ದ ಹದಿನಾಲ್ಕು ಅಡಿ. ಓಡಾಟಕ್ಕೆ ತೊಂದರೆ ಆಗದ ಹಾಗೆ ಎರಡು ಅಡಿ ಅಗಲದ ಹಲಗೆ ಹಾಕಬಹುದು, ಕೆಳಗೆ ಪುಸ್ತಕದ ಬೀರು ಇಡಬಹುದು. ಹದಿನಾಲ್ಕು ಬೈ ಎರಡು. ವಿಸ್ತೀರ್ಣ ನೋಡಿದರೆ 28 ಚದರಡಿ, ಹಳೆಯ ಮೇಜು 32. ಜಾಸ್ತಿ ವ್ಯತ್ಯಾಸ ಇಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ರೈಲಿಗೆ ಬೇಕಾದದ್ದು ಚದರಡಿ ಅಲ್ಲ, ತಿರುಗೋಕೆ ಬೇಕಾದ ಅಗಲ. ಓಓ ಸೆಟ್ಟಿನಲ್ಲಿ ಸಾಮಾನ್ಯವಾಗಿ ಹಾಕುವ ತಿರುವಿನ ತ್ರಿಜ್ಯ 438 ಮಿ.ಮೀ. ಅರ್ಧ ಸುತ್ತು ತಿರುಗೋಕೆ ಅದರ ಎರಡರಷ್ಟು, ಅಂದರೆ ಸುಮಾರು ಮೂರು ಅಡಿ ಬೇಕು. ಎರಡಡಿ ಹಲಗೆಯಲ್ಲಿ ಆಗದ ಮಾತು.

ಬೇರೆಯವರ ಮನೆಗಳಲ್ಲೂ ಇದೇ ಆಗಿದೆ

ಸ್ಕೇಲ್‌ಗಳ ಇತಿಹಾಸ ಓದಿದರೆ ಎಲ್ಲ ಕಡೆ ಇದೇ ಕಥೆ ಕಾಣುತ್ತೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರ ಲೈಪ್ಜಿಗ್ ಮೇಳದಲ್ಲಿ ಅಳತೆ ಗೊತ್ತುಮಾಡಿದ ಹಳಿಗಳ ಸಾಲನ್ನು ತಂದಾಗ ಎಲ್ಲವೂ ದೊಡ್ಡವು. 45 ಮಿ.ಮೀ. ಹಳಿಯ ಒಂದನೇ ಗೇಜ್ ಶ್ರೀಮಂತರ ಮನೆಯ ದೊಡ್ಡ ಹಜಾರದ ಆಟ. ಮೊದಲ ಮಹಾಯುದ್ಧ ಮುಗಿದ ಮೇಲೆ ಅದಕ್ಕಿಂತ ಚಿಕ್ಕದಾದ ಓ ಗೇಜ್, 32 ಮಿ.ಮೀ., ಮುಂದೆ ಬಂತು. ಅಮೆರಿಕದ ಲಯೊನೆಲ್ ಕಂಪನಿಯೂ ತನ್ನ ದೊಡ್ಡ ಗೇಜನ್ನು ಕೈಬಿಟ್ಟು ಓ ಗೇಜಿಗೆ ನಿಂತಿತು. 1930ರ ದಶಕದಲ್ಲಿ ಕಷ್ಟದ ಕಾಲ, ಕೊಳ್ಳೋರ ಕೈಯಲ್ಲಿ ದುಡ್ಡಿಲ್ಲ. ಆಮೇಲೆ ಬಂದದ್ದು ಎಚ್‌ಓ, ಅಂದರೆ ಹಾಫ್ ಓ, ಓ ಗೇಜಿನ ಅರ್ಧ. ಎರಡನೇ ಮಹಾಯುದ್ಧ ಮುಗಿದು 1950ರ ದಶಕ ಬರುವ ಹೊತ್ತಿಗೆ ಎಚ್‌ಓ ಅಮೆರಿಕದಲ್ಲಿ ಓ ಗೇಜನ್ನು ಹಿಂದೆ ಹಾಕುತ್ತಾ ಬಂತು. ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿರುವುದು ಅದೇ.

ಇಷ್ಟಕ್ಕೆ ನಿಲ್ಲಲಿಲ್ಲ. 1960ರ ದಶಕದ ಶುರುವಿನಲ್ಲಿ ಜರ್ಮನಿಯ ಆರ್ನಾಲ್ಡ್ ಕಂಪನಿ 9 ಮಿ.ಮೀ. ಹಳಿಯ ರೈಲು ತಂದಿತು. ಅದೇ ಎನ್ ಸ್ಕೇಲ್, 1:160. ಜರ್ಮನ್, ಇಂಗ್ಲಿಷ್, ಇಟಾಲಿಯನ್, ಮೂರರಲ್ಲೂ ಒಂಬತ್ತು ಅನ್ನೋ ಪದ ಎನ್ ಅಕ್ಷರದಿಂದ ಶುರುವಾಗುತ್ತೆ, ಹಾಗಾಗಿ ಆ ಹೆಸರು. ಜಪಾನಿನಲ್ಲಿ ಕಾಟೊ ಕಂಪನಿ 1965ರಲ್ಲಿ ಎನ್ ಶುರುಮಾಡಿತು. ಅಲ್ಲಿ ಎಚ್‌ಓ ಯಾವತ್ತೂ ಎನ್‌ನಷ್ಟು ನೆಲೆಯೂರಲಿಲ್ಲ. ಅಲ್ಲಿನ ಮನೆಗಳು ಚಿಕ್ಕವು. ಆಟ ಆಡಿ ಮಡಚಿ ಬೀರುವಿಗೆ ಇಡಬೇಕು. ಹಾಗಾಗಿ ಜಲ್ಲಿಯ ತಳವೂ ಸೇರಿಕೊಂಡಿರುವ, ಕ್ಲಿಕ್ ಅಂತ ಕೂಡಿಸಿ ಮತ್ತೆ ಬಿಡಿಸಬಹುದಾದ ಹಳಿ ಅಲ್ಲಿ ಮನೆಮಾತಾಯಿತು.

ನನಗೆ ತುಂಬಾ ಹಿಡಿಸಿದ್ದು ಟಿಟಿ ಸ್ಕೇಲಿನ ಕಥೆ. ಎಚ್‌ಓ ಮತ್ತು ಎನ್ ನಡುವಿನದು, 12 ಮಿ.ಮೀ. ಹಳಿ, ಟೇಬಲ್ ಟಾಪ್ ಅಂತ ಹೆಸರು. ಬ್ರಿಟನ್ನಿನಲ್ಲಿ ಟ್ರೈ-ಆಂಗ್ ಕಂಪನಿ 1957ರಲ್ಲಿ ಶುರುಮಾಡಿ ಹತ್ತು ವರ್ಷದ ಆಸುಪಾಸಿನಲ್ಲಿ ಬಿಟ್ಟುಬಿಟ್ಟಿತು. ಆದರೆ ಅದೇ ಹೊತ್ತಿಗೆ ಪೂರ್ವ ಜರ್ಮನಿಯಲ್ಲಿ 1:120ರ ಟಿಟಿ ಶುರುವಾಗಿ ಗಟ್ಟಿಯಾಗಿ ನಿಂತಿತು. ಅಲ್ಲಿನ ಜನ ಇದ್ದದ್ದು ಸಣ್ಣ ಫ್ಲಾಟುಗಳಲ್ಲಿ, ಹೊರಗಿನ ಕಂಪನಿಗಳ ಪೈಪೋಟಿಯೂ ಇರಲಿಲ್ಲ. ಬರ್ಲಿನ್ ಗೋಡೆ ಬಿದ್ದ ಮೇಲೂ ಟಿಲಿಗ್ ಕಂಪನಿ ಅದನ್ನು ಮುಂದುವರಿಸಿತು. ಪಶ್ಚಿಮದಲ್ಲಿ ಸತ್ತೇಹೋಯಿತು ಅಂದುಕೊಂಡಿದ್ದ ಸ್ಕೇಲನ್ನು 2022ರಲ್ಲಿ ಹಾರ್ನ್‌ಬಿ 1:120 ಅಂತಲೇ ಬ್ರಿಟನ್ನಿಗೆ ತಂದಿತು. ಅದಕ್ಕೂ ಚಿಕ್ಕದಾಗುತ್ತಿರುವ ಮನೆಗಳೇ ಕಾರಣ ಅಂತ ನಾನು ನಂಬುತ್ತೇನೆ.

ಇದನ್ನೆಲ್ಲ ಓದಿ ನನಗೆ ಒಂದು ತೀರ್ಮಾನ ಗಟ್ಟಿಯಾಯಿತು: ಮನೆ ಚಿಕ್ಕದಾದಂತೆ ಸ್ಕೇಲ್ ಚಿಕ್ಕದಾಗುತ್ತೆ, ಅಷ್ಟೇ. ಈ ತೀರ್ಮಾನ ಇಟ್ಟುಕೊಂಡೇ ದೊಡ್ಡಪ್ಪನ ಮುಂದೆ ಪೇಪರ್ ಹಿಡಿದು ಕೂತೆ.

ಹಲಗೆ ಮೇಲಿನ ಲೆಕ್ಕ

ಕಟ್ಟಬೇಕಾದದ್ದು ಘಾಟಿ. ಅದರಲ್ಲಿ ಚರ್ಚೆ ಇರಲಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿ.ಮೀ., 57 ಸುರಂಗ, 109 ಸೇತುವೆ, ಐವತ್ತಕ್ಕೆ ಒಂದರ ಏರು. ಅಂದರೆ ಐವತ್ತು ಮೀಟರ್ ಹೋದರೆ ಒಂದು ಮೀಟರ್ ಹತ್ತಬೇಕು. ಇದನ್ನು ಪೂರ್ತಿ ಕಟ್ಟುತ್ತೇನೆ ಅಂದರೆ ಎಚ್‌ಓದಲ್ಲಿ 632 ಮೀಟರ್ ಗೋಡೆ ಬೇಕು, ಎನ್‌ನಲ್ಲಿ 344. ನಮ್ಮ ಹತ್ತಿರ ಇದ್ದದ್ದು 4.27 ಮೀಟರ್. ಹಾಗಾಗಿ ಘಾಟಿಯ ಒಂದು ತುಣುಕು, ನೋಡಿದ ತಕ್ಷಣ ಎಡಕುಮೇರಿ ಕಡೆಯದು ಅನ್ನಿಸಬೇಕು.

ಹತ್ತು ಬೋಗಿಯ ಬ್ರಾಡ್ ಗೇಜ್ ಗಾಡಿ ಇಟ್ಟುಕೊಂಡು ನೋಡಿದೆವು. ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ, ಅಂದರೆ ಐಸಿಎಫ್‌ನ, ನಮ್ಮ ಹಳೆಯ ನೀಲಿ ಬೋಗಿಯ ಉದ್ದ ಬಫರ್ ಸೇರಿ 22.3 ಮೀಟರ್. ಎಚ್‌ಓದಲ್ಲಿ ಒಂದು ಬೋಗಿ 256 ಮಿ.ಮೀ., ಎನ್‌ನಲ್ಲಿ 139. ಹತ್ತು ಬೋಗಿಗೆ ಎಚ್‌ಓದಲ್ಲಿ ಎರಡೂವರೆ ಮೀಟರ್ ಮೇಲೆ, ಎಂಜಿನ್ ಬೇರೆ. ಗಾಡಿಯೇ ಅರ್ಧಕ್ಕಿಂತ ಜಾಸ್ತಿ ಹಲಗೆ ತುಂಬಿಕೊಂಡರೆ ಅದು ಓಡೋದು ಎಲ್ಲಿಗೆ? ಎನ್‌ನಲ್ಲಿ ಎಂಜಿನ್ ಸೇರಿ ಒಂದೂವರೆ ಮೀಟರ್. ಗಾಡಿಯ ಹಿಂದೆಯೂ ಮುಂದೆಯೂ ಬೆಟ್ಟ ಕಾಣುತ್ತೆ.

ತಿರುವು ನೋಡಿ. ಎನ್ ಸ್ಕೇಲಿನ ಜಪಾನಿ ಹಳಿಯಲ್ಲಿ 280 ಮಿ.ಮೀ. ತ್ರಿಜ್ಯದ ತಿರುವು ಸುಲಭವಾಗಿ ಸಿಗುತ್ತೆ. ಎರಡರಷ್ಟು ಅಂದರೆ 560, ಹಳಿಯ ತಳ ಸೇರಿ 580ರ ಒಳಗೆ. ಎರಡಡಿ ಅಂದರೆ 610. ಎರಡೂ ಕಡೆ ಬೆರಳಗಲ ಬಿಟ್ಟು ಸರಿಯಾಗಿ ಕೂರುತ್ತೆ. ಟಿಟಿಯನ್ನೂ ನೋಡಿದೆವು, 310ರ ತಿರುವು ಹಾಕಿದರೆ ಹಲಗೆಯಿಂದ ಹೊರಗೆ ಬರುತ್ತೆ. ಅತ್ತಿಗೆಗೆ ಎರಡಡಿ ಅಂತ ಮಾತು ಕೊಟ್ಟಾಗಿತ್ತು. ಮಾರ್ಕ್ಲಿನ್ 1972ರಲ್ಲಿ ತಂದ ಝಡ್ ಸ್ಕೇಲ್, 1:220, ಇನ್ನೂ ಚಿಕ್ಕದು. ಅದನ್ನು ಪೇಪರಿನ ಮೇಲೇ ಬಿಟ್ಟೆವು.

ಬೆಟ್ಟಕ್ಕೂ ಎನ್ ಒಳ್ಳೆಯದು. 30 ಮೀಟರ್ ಎತ್ತರದ ಸೇತುವೆ ಎಚ್‌ಓದಲ್ಲಿ 34 ಸೆಂ.ಮೀ. ಆಗುತ್ತೆ, ಎನ್‌ನಲ್ಲಿ 19. ಎರಡಡಿ ಅಗಲದ ಹಲಗೆಯಲ್ಲಿ 34 ಸೆಂ.ಮೀ. ಕಣಿವೆ ತೆಗೆದರೆ ಗೋಡೆ ಹಾಗೆ ಕಾಣುತ್ತೆ, 19 ಸೆಂ.ಮೀ.ಗೆ ಇಳಿಜಾರು ಮಾಡಬಹುದು.

ಇನ್ನೊಂದು ವಿಷಯ, ಭಾರತದ ಗೇಜ್. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಯಾವ ಸ್ಕೇಲಿನ ಸಿದ್ಧ ಹಳಿಯೂ ಅದಕ್ಕೆ ಸರಿಹೊಂದಲ್ಲ. ಎಚ್‌ಓದಲ್ಲಿ 19.3 ಮಿ.ಮೀ. ಬೇಕು, ಸಿಗೋದು 16.5. ಎನ್‌ನಲ್ಲಿ 10.5 ಬೇಕು, ಸಿಗೋದು 9. ಆದರೆ ಲೆಕ್ಕ ಹಾಕುವಾಗ ಒಂದು ಖುಷಿಯ ವಿಷಯ ಕಂಡಿತು. ಬ್ರಿಟನ್ನಿನ ಹಳೆಯ ಟಿಟಿ ಇದ್ದದ್ದು ಅಡಿಗೆ 3 ಮಿ.ಮೀ. ಲೆಕ್ಕದಲ್ಲಿ. ನಮ್ಮ ಬ್ರಾಡ್ ಗೇಜ್ ಐದೂವರೆ ಅಡಿ. ಐದೂವರೆಗೆ ಮೂರು ಗುಣಿಸಿದರೆ ಸರಿಯಾಗಿ 16.5! ಆ ಸ್ಕೇಲಿನಲ್ಲಿ ಬೋಗಿ ಕಟ್ಟಿ ಸಾಮಾನ್ಯ ಎಚ್‌ಓ ಹಳಿ ಮೇಲೆ ಇಟ್ಟರೆ ಭಾರತದ ಬ್ರಾಡ್ ಗೇಜ್ ಕೂದಲೆಳೆಯಷ್ಟೂ ತಪ್ಪದೆ ಬರುತ್ತೆ. ದೊಡ್ಡ ಜಾಗ ಇರುವ ಯಾರಾದರೂ ಇದನ್ನು ಮಾಡಿ ನೋಡಬೇಕು ಅಂತ ನನಗೆ ತುಂಬಾ ಆಸೆ. ನಮ್ಮ ಹಲಗೆಗೆ ಅದು ಆಗಲ್ಲ.

ಹೀಗೆ ಎನ್ ಅಂತ ನಿರ್ಧಾರ ಆಯಿತು. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು "ನಿನ್ನ ಲೆಕ್ಕ ಸರಿ ಇದೆ ಮಗಾ" ಅಂದರು. ಆ ಮಾತಿನಲ್ಲಿ ಒಪ್ಪಿಗೆ ಎಷ್ಟಿತ್ತು ಅಂತ ಆಗ ನಾನು ನೋಡಲಿಲ್ಲ.

ಕಟ್ಟಿದ್ದು

ಹಲಗೆಯನ್ನು ಏಳೇಳು ಅಡಿಯ ಎರಡು ತುಂಡಾಗಿ ಮಾಡಿಸಿದೆವು, ಸುಣ್ಣಬಣ್ಣದ ಹೊತ್ತಿಗೆ ಬಿಚ್ಚಿ ಇಡಬಹುದು ಅಂತ. ಎರಡೂ ತುದಿಯ ತಿರುವುಗಳನ್ನು ಬೆಟ್ಟದ ಒಳಗೆ ಮುಚ್ಚಿದೆವು. ಅದಕ್ಕೆ ಕಾರಣ ಇದೆ. ಬೋಗಿ ಉದ್ದದ ಎರಡು ಪಟ್ಟು ತ್ರಿಜ್ಯ ಇದ್ದರೆ ಗಾಡಿ ಹೇಗೋ ತಿರುಗುತ್ತೆ, ಮೂರು ಪಟ್ಟು ಇದ್ದರೆ ನೋಡೋಕೂ ಚೆನ್ನಾಗಿರುತ್ತೆ ಅನ್ನೋದು ಹವ್ಯಾಸಿಗಳ ರೂಢಿಯ ಲೆಕ್ಕ. ನಮ್ಮದು ಎರಡರ ಅಂಚಿನಲ್ಲಿತ್ತು. ತಿರುಗುವಾಗ ಬೋಗಿಯ ಮೂಲೆ ಹೊರಗೆ ಚಾಚೋದು ಕಾಣಬಾರದು ಅಂದರೆ ಸುರಂಗವೇ ದಾರಿ. ಘಾಟಿಯಲ್ಲಿ ಸುರಂಗಕ್ಕೆ ಕೊರತೆ ಇಲ್ಲವಲ್ಲ. ಮುಂದಿನ ಸಾಲು ಎರಡು ಮೀಟರಿನಲ್ಲಿ 4 ಸೆಂ.ಮೀ. ಹತ್ತುತ್ತೆ, ಅದೇ ಐವತ್ತಕ್ಕೆ ಒಂದು. ಹಿಂದಿನ ಸಾಲು ಬೆಟ್ಟದ ಹಿಂದೆ ಇಳಿಯುತ್ತೆ.

ಬೋಗಿಗಳು ಎಲ್ಲೂ ಸಿದ್ಧವಾಗಿ ಸಿಗಲಿಲ್ಲ. ಜಪಾನಿನ 20 ಮೀಟರ್ ಬೋಗಿಗಳು ಅಲ್ಲಿನ 1:150ರ ಲೆಕ್ಕದಲ್ಲಿ 133 ಮಿ.ಮೀ. ಇರುತ್ತವೆ. ನಮ್ಮ ಐಸಿಎಫ್ 1:160ರಲ್ಲಿ 139. ಆರು ಮಿ.ಮೀ. ವ್ಯತ್ಯಾಸ. ಸೆಕೆಂಡ್ ಹ್ಯಾಂಡ್ ಜಪಾನಿ ಬೋಗಿಗಳ ತಳ ಇಟ್ಟುಕೊಂಡು, ಮೇಲಿನ ಮೈಯನ್ನು ಬೆಂಗಳೂರಿನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದೆವು. ಡ್ರಾಯಿಂಗ್ ಮಾಡಿದ್ದು ಮೊಮ್ಮಗಳು. ಕಿಟಕಿಯ ಸರಳು ಎಷ್ಟು, ಬಾಗಿಲು ಎಲ್ಲಿ, ಗಾರ್ಡಿನ ಜಾಗ ಎಲ್ಲಿ ಅಂತ ತಾತನನ್ನು ಕೇಳಿ ಕೇಳಿ ಮಾಡಿದಳು. ಹತ್ತರಲ್ಲಿ ಎಂಟು ಚೆನ್ನಾಗಿ ಬಂದವು. ಎಂಜಿನ್ ನಮ್ಮ ರೈಲ್ವೆಯ ಡೀಸೆಲ್ ಎಂಜಿನ್ ಡಬ್ಲ್ಯೂಡಿಜಿ-4. ಅದರ ಮೂಲ ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸ, ಹಾಗಾಗಿ ಅಮೆರಿಕದ ಎನ್ ಸ್ಕೇಲ್ ಎಂಜಿನ್ನಿನ ತಳದ ಮೇಲೆ ಅದರ ಮೈ ಕೂರಿಸೋದು ಕಷ್ಟವಾಗಲಿಲ್ಲ.

ತ್ರೀಡಿ ಪ್ರಿಂಟ್ ಬಂದ ಮೇಲೆ ಸ್ಕೇಲ್‌ಗಳ ಆಟವೇ ಬದಲಾಗಿದೆ ಅಂತ ಇಲ್ಲಿ ಹೇಳಲೇಬೇಕು. ಮೊದಲು ಕಂಪನಿ ಏನು ಮಾರುತ್ತದೋ ಅದೇ ನಿಮ್ಮ ಸ್ಕೇಲು. ಈಗ ಓಡುವ ತಳ ಒಂದು ಸಿಕ್ಕರೆ ಮೈ ನಾವೇ ಮಾಡಿಕೊಳ್ಳಬಹುದು. ಭಾರತದ ರೈಲು ಕಟ್ಟೋರಿಗೆ ಇದು ದೊಡ್ಡ ಬಲ.

ಮಳೆಗಾಲ, ಒಗ್ಗರಣೆ, ಕಣ್ಣು

ಜೂನ್ ಬಂತು. ಗಾಡಿ ನಿಲ್ಲೋಕೆ ಶುರುವಾಯಿತು. ಹತ್ತಡಿ ಹೋಗೋದು, ನಿಲ್ಲೋದು, ಬೆರಳಲ್ಲಿ ತಳ್ಳಿದರೆ ಮತ್ತೆ ಹೋಗೋದು. ಓಓ ಗಾಡಿ ಮೂವತ್ತು ವರ್ಷ ಇದೇ ಮನೆಯಲ್ಲಿ ಹೀಗೆ ಮಾಡಿದ್ದಿಲ್ಲ.

ಎಂಜಿನ್ನುಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆವು. ಹಳೆಯ ಓಓ ಎಂಜಿನ್ 320 ಗ್ರಾಂ, ಎನ್ ಎಂಜಿನ್ 90. ಎಚ್‌ಓದಿಂದ ಎನ್‌ಗೆ ಇಳಿದರೆ ಉದ್ದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಉಳಿಯುತ್ತೆ, ಆದರೆ ಘನ ಅಳತೆ ಆರನೇ ಒಂದು ಭಾಗಕ್ಕೆ ಬರುತ್ತೆ. ಚಕ್ರ ಹಳಿಯನ್ನು ಒತ್ತಿ ಹಿಡಿಯೋದು ತೂಕದಿಂದ. ಕರೆಂಟ್ ಬರೋದು ಆ ಒತ್ತಡದಿಂದ. ತೂಕ ಇಲ್ಲದಿದ್ದರೆ ಹಳಿ ಮೇಲಿನ ಸಣ್ಣ ಕೊಳೆಯೂ ಗೋಡೆ ಹಾಗೆ.

ಕೊಳೆ ಎಲ್ಲಿಂದ ಅಂತ ಹುಡುಕಿದೆವು. ಹಲಗೆಯ ಒಂದು ತುದಿ ಅಡುಗೆಮನೆ ಬಾಗಿಲ ಪಕ್ಕ. ದಿನಕ್ಕೆ ಎರಡು ಮೂರು ಸಲ ಒಗ್ಗರಣೆ. ಎಣ್ಣೆಯ ಹಬೆ ತೆಳ್ಳಗೆ ಹಳಿ ಮೇಲೆ ಕೂರುತ್ತೆ, ಅದಕ್ಕೆ ದೇವರ ಮನೆಯ ಸಾಂಬ್ರಾಣಿ ಹೊಗೆ ಸೇರುತ್ತೆ, ಮೇಲೆ ಹಾಸನದ ಮಳೆಗಾಲದ ತೇವ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಪಟ್ಟಿ ಬರುತ್ತಿತ್ತು, ಅಡುಗೆಮನೆ ಕಡೆಯ ಏಳಡಿಯಲ್ಲಿ ಜಾಸ್ತಿ, ಈ ಕಡೆ ಕಡಿಮೆ. ಮಹಡಿ ರೂಮಿನಲ್ಲಿ ಇದ್ಯಾವುದೂ ಇರಲಿಲ್ಲ.

ಮಾಡಿದ್ದು ಇಷ್ಟು. ಮೂರು ಅಡಿಗೊಂದು ಕಡೆ ಹಳಿಗೆ ನೇರವಾಗಿ ವೈರ್ ಬೆಸುಗೆ ಹಾಕಿದೆವು, ಬರೀ ಜೋಡಣೆಯ ತಗಡನ್ನು ನಂಬೋದು ಬಿಟ್ಟೆವು. ವಾರಕ್ಕೊಂದು ಸಲ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸೋದು ಮೊಮ್ಮಗಳ ಭಾನುವಾರದ ಕೆಲಸ. ಮುಂದೆ ಒಂದು ಅಕ್ರಿಲಿಕ್ ಹಾಳೆ ಜಾರಿಸುವ ಹಾಗೆ ಮಾಡಿದೆವು, ಅಡುಗೆ ಹೊತ್ತಿನಲ್ಲಿ ಮುಚ್ಚಿರುತ್ತೆ. ಪ್ಲೈ ಉಬ್ಬಿ ಮಧ್ಯದ ಜೋಡಣೆಯಲ್ಲಿ ಹಳಿ ಅರ್ಧ ಮಿ.ಮೀ. ಮೇಲೆದ್ದಿತ್ತು. ಎಚ್‌ಓದಲ್ಲಿ ಅದು ಲೆಕ್ಕಕ್ಕಿಲ್ಲ, ಎನ್‌ನಲ್ಲಿ ಬೋಗಿ ಬೀಳುತ್ತೆ. ಹಲಗೆಯ ಕೆಳಗೂ ಅಂಚಿಗೂ ವಾರ್ನಿಷ್ ಹೊಡೆದು ಆ ಜಾಗ ಉಜ್ಜಿ ಸರಿಮಾಡಿದೆವು. ಗಾಡಿ ಓಡಿತು.

ಇಲ್ಲಿಗೆ ಪ್ರಕರಣ ಮುಗಿಯಿತು ಅಂದುಕೊಂಡೆ. ಆದರೆ ಮೂರು ವಾರ ಕಳೆದ ಮೇಲೆ ಅತ್ತಿಗೆ ಹೇಳಿದ್ದು ಕೇಳಿ ಗಾಬರಿಯಾಯಿತು. ದೊಡ್ಡಪ್ಪ ಗಾಡಿ ಓಡಿಸೋದು ಬಿಟ್ಟಿದ್ದಾರೆ. ಸಂಜೆ ಮೊಮ್ಮಗಳು ಓಡಿಸಿದರೆ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಅವಳು ಇಲ್ಲದಿದ್ದರೆ ಆ ಕಡೆ ಹೋಗಲ್ಲ.

ಹೋಗಿ ಕೇಳಿದೆ. ಮೊದಲು ಏನೂ ಇಲ್ಲ ಅಂದರು. ಆಮೇಲೆ ಕೈ ಮುಂದೆ ಚಾಚಿ ತೋರಿಸಿದರು, ಬೆರಳು ಸಣ್ಣಗೆ ನಡುಗುತ್ತಿತ್ತು. "ಕೈಗೆ ಸಿಗಲ್ಲ ಕಣೋ. ಕಣ್ಣಿಗೂ ಸಿಗಲ್ಲ. ಒಂದು ಬೋಗಿ ಬಿದ್ರೆ ಮಗು ಸ್ಕೂಲಿಂದ ಬರೋವರೆಗೂ ಕಾಯ್ಬೇಕು. ಕಾಯೋದು ಅಭ್ಯಾಸ ಇದೆ ನಂಗೆ, ಸಿಗ್ನಲ್‌ಗೆ ಕಾದಿದೀನಿ. ಆದ್ರೆ ನನ್ನ ಗಾಡಿ ನಾನೇ ಎತ್ತಿಡೋಕೆ ಆಗ್ದೆ ಕಾಯೋದು ಬೇರೆ."

ಅವರಿಗೆ ಎಪ್ಪತ್ತಾರು. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. 9 ಮಿ.ಮೀ. ಹಳಿ ಮೇಲೆ ಬೋಗಿಯ ಎಂಟು ಚಕ್ರ ಕೂರಿಸೋಕೆ ಬೇಕಾದ ಕಣ್ಣೂ ಕೈಯೂ ಅವರಿಗೆ ಇರಲಿಲ್ಲ. ನಾನು ಗೋಡೆ ಅಳೆದೆ, ಬೋಗಿ ಅಳೆದೆ, ತಿರುವು ಅಳೆದೆ. ಅವರನ್ನು ಕೇಳಲಿಲ್ಲ. ಈ ಪ್ರಕರಣದಲ್ಲಿ ನನ್ನಿಂದಾದ ತಪ್ಪು ಇದು, ಇದನ್ನು ಬರೆಯೋಕೆ ಅಂತಲೇ ಉಳಿದದ್ದನ್ನೂ ಬರೆದೆ.

ಮತ್ತೆ ಇತಿಹಾಸ ತೆರೆದು ನೋಡಿದರೆ ನಾನು ಓದದೇ ಬಿಟ್ಟಿದ್ದ ಅರ್ಧ ಕಾಣಿಸಿತು. ಎನ್ ಬಂದು ಅರವತ್ತು ವರ್ಷ ಆಗಿದೆ. ಬರೀ ಜಾಗದ ಲೆಕ್ಕವೇ ಆಗಿದ್ದರೆ ಎಚ್‌ಓ ಯಾವತ್ತೋ ಮೂಲೆಗೆ ಸೇರಬೇಕಿತ್ತು, ಓ ಸತ್ತೇ ಹೋಗಬೇಕಿತ್ತು. ಆಗಿಲ್ಲ. ಬ್ರಿಟನ್ನಿನಲ್ಲಿ ಡಾಪೊಲ್ ಥರದ ಕಂಪನಿಗಳು ಈಚೆಗೆ ಓ ಗೇಜಿನಲ್ಲಿ ಸಿದ್ಧ ಎಂಜಿನ್ನುಗಳನ್ನು ತಂದಿವೆ, ಕೊಳ್ಳೋರು ಇದ್ದಾರೆ ಅಂತಲೇ ಅಲ್ವಾ? ಅಮೆರಿಕದಲ್ಲಿ ಎಚ್‌ಓ ಹಳಿ ಮೇಲೆ ಓ ಸ್ಕೇಲಿನ ನ್ಯಾರೋ ಗೇಜ್ ಎಂಜಿನ್ ಓಡಿಸುವ ಆನ್-30 ಅನ್ನೋ ಪದ್ಧತಿ 1990ರ ದಶಕದ ಕೊನೆಯಿಂದ ಬೆಳೆಯಿತು. ದೊಡ್ಡ ಮೈ, ಸಣ್ಣ ತಿರುವು. ಜರ್ಮನಿಯ ಎಲ್‌ಜಿಬಿ 1968ರಲ್ಲಿ 45 ಮಿ.ಮೀ. ಹಳಿಯ ರೈಲು ತಂದು ಅದನ್ನು ಮನೆಯಿಂದ ತೋಟಕ್ಕೇ ಇಳಿಸಿತು. ಒಂದು ಕಡೆ ಮನೆ ಚಿಕ್ಕದು ಮಾಡು ಅಂತ ಎಳೆಯುತ್ತೆ, ಇನ್ನೊಂದು ಕಡೆ ಕಣ್ಣು, ಕೈ, ವಯಸ್ಸು ದೊಡ್ಡದು ಮಾಡು ಅಂತ ಎಳೆಯುತ್ತವೆ. ಯಾವ ಸ್ಕೇಲ್ ಗೆಲ್ಲುತ್ತೆ ಅನ್ನೋದು ಆ ಮನೆಯಲ್ಲಿ ಆಗ ಯಾವುದರ ಎಳೆತ ಜೋರು ಅನ್ನೋದರ ಮೇಲಿದೆ.

ಈಗ

ಹಾಲಿನ ಎನ್ ಲೇಔಟ್ ಹಾಗೇ ಇದೆ. ಅದರ ಒಡತಿ ಮೊಮ್ಮಗಳು. ಡಬ್ಬದಲ್ಲಿ ಕಟ್ಟಿಟ್ಟಿದ್ದ ಓಓ ಹಳಿಗಳನ್ನು ತೆಗೆದು, ವರಾಂಡದ ಕಿಟಕಿ ಪಕ್ಕ, ಬೆಳಕು ಚೆನ್ನಾಗಿ ಬೀಳುವ ಕಡೆ, ಐದಡಿ ಉದ್ದ ಒಂದಡಿ ಅಗಲದ ಸಣ್ಣ ಹಲಗೆ ಹಾಕಿದೆವು. ಸುತ್ತು ಇಲ್ಲ. ಗಾಡಿ ಹಳಿ ಬದಲಿಸೋಕೆ ಎರಡು ಪಾಯಿಂಟ್, ವ್ಯಾಗನ್ ನಿಲ್ಲಿಸೋಕೆ ಮೂರು ಸೈಡಿಂಗ್, ಅಷ್ಟೇ.

ಇದು ನನ್ನ ಯೋಚನೆ ಅಲ್ಲ. ಬ್ರಿಟನ್ನಿನ ಅಲನ್ ರೈಟ್ ಅನ್ನೋರು ಮಾಡಿದ ಇಂಗಲ್‌ನುಕ್ ಅನ್ನೋ ಶಂಟಿಂಗ್ ಆಟ, ಅಂದರೆ ಎಂಜಿನ್ನನ್ನು ಹಿಂದೆ ಮುಂದೆ ಮಾಡಿ ವ್ಯಾಗನ್‌ಗಳನ್ನು ಬೇಕಾದ ಹಾಗೆ ಜೋಡಿಸೋದು. ಒಂದು ಸೈಡಿಂಗಿನಲ್ಲಿ ಐದು ವ್ಯಾಗನ್ ಹಿಡಿಸುತ್ತೆ, ಉಳಿದ ಎರಡರಲ್ಲಿ ಮೂರು ಮೂರು. ಮೂರೂ ಸೈಡಿಂಗ್ ಕೂಡುವ ಈ ಕಡೆಯ ತುದಿಯ ಹಳಿಯಲ್ಲಿ ಎಂಜಿನ್ ಜೊತೆ ಮೂರು ವ್ಯಾಗನ್ನಿಗೆ ಜಾಗ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಬಂದ ಐದನ್ನು ಬಂದ ಕ್ರಮದಲ್ಲೇ ಜೋಡಿಸಿ ನಿಲ್ಲಿಸಬೇಕು. ಎಂಟರಲ್ಲಿ ಐದನ್ನು ಕ್ರಮವಾಗಿ ಎತ್ತೋಕೆ 6720 ದಾರಿ ಇವೆ, ಹಾಗಾಗಿ ಒಂದು ದಿನದ ಆಟ ಇನ್ನೊಂದು ದಿನ ಬರೋದು ಅಪರೂಪ. ಓಓ ವ್ಯಾಗನ್ ದೊಡ್ಡಪ್ಪನ ಕೈಗೆ ಸಿಗುತ್ತೆ. ಕೊಂಡಿ ಬಿಡಿಸೋದು, ಹಾಕೋದು, ಯಾವುದನ್ನು ಎಲ್ಲಿ ಬಿಟ್ಟು ಯಾವುದನ್ನು ಎಳೆಯಬೇಕು ಅಂತ ಯೋಚಿಸೋದು, ಇದೆಲ್ಲ ಅವರು ಸಣ್ಣ ಸ್ಟೇಷನ್‌ಗಳಲ್ಲಿ ನಿಂತು ಮಾಡಿಸಿದ ಕೆಲಸ. ಮೊಮ್ಮಗಳು ಸ್ಕೂಲಿಗೆ ಹೋಗೋ ಮುಂಚೆ ಸ್ಟೀಲ್ ಲೋಟದಿಂದ ಐದು ಚೀಟಿ ಎತ್ತಿ ಬರೆದಿಟ್ಟು ಹೋಗುತ್ತಾಳೆ. ಅವಳು ವಾಪಸ್ ಬರೋ ಹೊತ್ತಿಗೆ ಗಾಡಿ ರೆಡಿ. ಎಷ್ಟು ಸಲ ಹಿಂದೆ ಮುಂದೆ ಹೋಗಬೇಕಾಯಿತು ಅಂತ ನೋಟ್‌ಬುಕ್ಕಿನಲ್ಲಿ ಅವರ ಕೈಬರಹದಲ್ಲಿ ಇರುತ್ತೆ.

ಹಾಲಿನ ಘಾಟಿಯಲ್ಲಿ ಈಗ ಒಂದು ಕೆಲಸ ಬಾಕಿ ಇದೆ, ಅದನ್ನು ಕೇಳಿದವರು ದೊಡ್ಡಪ್ಪನೇ. ಸ್ಟೇಷನ್ನಿನ ಪಕ್ಕ ಒಂದು ಮೊಳದಷ್ಟು ಮೀಟರ್ ಗೇಜ್ ಹಳಿ ಬೇಕಂತೆ. ಗಾಡಿ ಬೇಡ, ಬರೀ ಹಳಿ, ಸ್ವಲ್ಪ ಹುಲ್ಲು ಬೆಳೆದ ಹಾಗೆ. ಸಾವಿರ ಮಿ.ಮೀ.ಯನ್ನು 160ರಿಂದ ಭಾಗಿಸಿದರೆ 6.25 ಬರುತ್ತೆ. ಪೇಪರಿನ ಮೇಲೇ ಬಿಟ್ಟಿದ್ದ ಝಡ್ ಸ್ಕೇಲಿನ ಹಳಿ 6.5, ಕಾಲು ಮಿ.ಮೀ. ಅಷ್ಟೇ ವ್ಯತ್ಯಾಸ. ಒಂದು ತುಂಡು ತರಿಸಿದ್ದೇನೆ. ಮೊನ್ನೆ ಅದನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಕಿಟಕಿ ಹತ್ತಿರ ಹೋಗಿ, ಭೂತಗನ್ನಡಿ ಇಟ್ಟು, ತುಂಬಾ ಹೊತ್ತು ನೋಡಿದರು. "ಸ್ಲೀಪರ್ ಜಾಸ್ತಿ ಹತ್ತಿರ ಇವೆ, ನಮ್ ಲೈನಲ್ಲಿ ಇಷ್ಟು ಹತ್ತಿರ ಇರ್ಲಿಲ್ಲ" ಅಂದರು. ಮೊಮ್ಮಗಳು ಬ್ಲೇಡ್ ತಗೊಂಡು ಅವರ ಪಕ್ಕ ಕೂತಳು, ಯಾವುದನ್ನು ಕತ್ತರಿಸಿ ಸರಿಸಬೇಕು ಅಂತ ಅವರು ಒಂದೊಂದಾಗಿ ತೋರಿಸುತ್ತಿದ್ದಾರೆ.